ಮನೆಗೆ ಯಾವ ನೆಟ್ ಹಾಕಿಸೋದು? ಫೈಬರ್, ಕೇಬಲ್, ಏರ್‌ಫೈಬರ್ ಎಲ್ಲವನ್ನೂ ಹೋಲಿಸಿ ನೋಡುವ ಸಮಗ್ರ ಮಾರ್ಗದರ್ಶಿ

ಮನೆಗೆ ಇಂಟರ್‌ನೆಟ್ ಹಾಕಿಸಬೇಕು ಅಂದ ಕೂಡಲೇ ಎಲ್ಲರೂ ಕೇಳುವುದು "ಯಾವ ಕಂಪನಿ ಒಳ್ಳೇದು?" ಅಂತ. ಇದಕ್ಕೆ ಒಂದೇ ಉತ್ತರ ಇಲ್ಲ. ಜಯನಗರದಲ್ಲಿ ತಕರಾರಿಲ್ಲದೆ ಓಡುವ ಕಂಪನಿಯ ಲೈನೇ ಯಲಹಂಕದ ಆಚೆಯ ಹೊಸ ಬಡಾವಣೆಯಲ್ಲಿ ವಾರಕ್ಕೆರಡು ಸಲ ಬಿದ್ದುಹೋಗಬಹುದು. ಕಂಪನಿಯ ದೊಡ್ಡ ಲೈನ್ ಎಲ್ಲಾ ಕಡೆ ಹೆಚ್ಚುಕಮ್ಮಿ ಚೆನ್ನಾಗಿಯೇ ಇರುತ್ತದೆ. ಹಾಳಾಗುವುದು ನಿಮ್ಮ ಮನೆಗೆ ಬರುವ ಕೊನೆಯ ಐನೂರು ಮೀಟರ್. ಅಲ್ಲಿ ಯಾವ ತಂತಿ ಇದೆ, ಯಾವ ಕಂಬದ ಮೇಲೆ ಹೋಗಿದೆ, ಅದು ತುಂಡಾದರೆ ಯಾರು ಬರುತ್ತಾರೆ, ಇಷ್ಟೇ ಪ್ರಶ್ನೆ. ಹಾಗಾಗಿ ಜಾಹೀರಾತು ಪಕ್ಕಕ್ಕಿಟ್ಟು ನಿಮ್ಮ ಬೀದಿಯಿಂದಲೇ ಶುರು ಮಾಡೋಣ.

1. ಎಷ್ಟು ಬೇಕು ಅಂತ ಮೊದಲು ಲೆಕ್ಕ ಹಾಕಿ

ರಾತ್ರಿ ಎಂಟೂವರೆಗೆ ಮನೆಯಲ್ಲಿ ಏನೇನು ಓಡುತ್ತಿರುತ್ತದೆ ಅಂತ ಒಂದು ಚೀಟಿಯಲ್ಲಿ ಬರೆಯಿರಿ. ಟಿವಿಯಲ್ಲಿ ಸಿನಿಮಾ, ಮಗಳ ಫೋನಿನಲ್ಲಿ ವಿಡಿಯೊ, ನಿಮ್ಮ ಲ್ಯಾಪ್‌ಟಾಪಿನಲ್ಲಿ ಅಮೆರಿಕದವರ ಜೊತೆ ಮೀಟಿಂಗ್, ಗೇಟಿನ ಮೇಲೆ ಕ್ಯಾಮೆರಾ. ನೆಟ್‌ಫ್ಲಿಕ್ಸ್ ಹೇಳುವ ಲೆಕ್ಕದಲ್ಲಿ ಫುಲ್ ಎಚ್‌ಡಿಗೆ 5 ಎಂಬಿಪಿಎಸ್ ಸಾಕು, 4ಕೆ ಆದರೆ 15. ವಿಡಿಯೊ ಮೀಟಿಂಗಿಗೆ 3ರಿಂದ 4 ಇದ್ದರೆ ನಡೆಯುತ್ತದೆ, ಆದರೆ ಅದು ಡೌನ್‌ಲೋಡ್, ಅಪ್‌ಲೋಡ್ ಎರಡಕ್ಕೂ ಬೇಕು. ಎಲ್ಲಾ ಕೂಡಿಸಿದರೂ ನಾಲ್ಕು ಜನರ ಮನೆಯಲ್ಲಿ 40 ದಾಟುವುದು ಕಷ್ಟ. 50ರಿಂದ 100 ಎಂಬಿಪಿಎಸ್ ಪ್ಲ್ಯಾನ್ ಧಾರಾಳ. 300 ಬೇಕೇಬೇಕು ಅನ್ನುವವರು ದೊಡ್ಡ ದೊಡ್ಡ ಗೇಮ್ ಇಳಿಸುವವರು, ವಿಡಿಯೊ ಎಡಿಟಿಂಗ್ ಮಾಡುವವರು. ಉಳಿದವರು ಸುಮ್ನೆ ದುಡ್ಡು ಕೊಡುತ್ತಿದ್ದಾರೆ, ಅಷ್ಟೇ.

ಇನ್ನೊಂದು ಗೊಂದಲ ಇಲ್ಲೇ ಬಗೆಹರಿಸಿಕೊಳ್ಳಿ. ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್. ಫೈಲ್ ಅಳೆಯುವುದು ಮೆಗಾಬೈಟ್‌ನಲ್ಲಿ. 8 ಬಿಟ್ ಸೇರಿದರೆ 1 ಬೈಟ್. ಅಂದರೆ 100 ಎಂಬಿಪಿಎಸ್ ಲೈನಿನಲ್ಲಿ ಸೆಕೆಂಡಿಗೆ ಜಾಸ್ತಿ ಅಂದರೆ 12.5 ಎಂಬಿ ಇಳಿಯುತ್ತದೆ, 1 ಜಿಬಿ ಸಿನಿಮಾಕ್ಕೆ ಸುಮಾರು 80 ಸೆಕೆಂಡ್ ಬೇಕು. "ನೂರು ಅಂದಿದ್ರು, ಹನ್ನೆರಡೇ ತೋರಿಸ್ತಿದೆ" ಅಂತ ಕಸ್ಟಮರ್ ಕೇರಿನವರ ಮೇಲೆ ರೇಗುವ ಮುಂಚೆ ಇದನ್ನು ನೆನಪಿಡಿ.

"ಬ್ರಾಡ್‌ಬ್ಯಾಂಡ್" ಅನ್ನುವ ಹೆಸರಿಗೂ ಮರುಳಾಗಬೇಡಿ. 2023ರ ಜನವರಿಯಿಂದ ಸರ್ಕಾರದ ಲೆಕ್ಕದಲ್ಲಿ 2 ಎಂಬಿಪಿಎಸ್ ಇದ್ದರೂ ಅದು ಬ್ರಾಡ್‌ಬ್ಯಾಂಡೇ. ಅದಕ್ಕೂ ಮುಂಚೆ 512 ಕೆಬಿಪಿಎಸ್ ಸಾಕಿತ್ತು!

2. ಬೀದಿಗೆ ಇಳಿದು ಕಂಬ ನೋಡಿ

ಕಂಪನಿಗಳ ಆ್ಯಪ್‌ನಲ್ಲಿ ಪಿನ್‌ಕೋಡ್ ಹಾಕಿದರೆ "ನಿಮ್ಮ ಪ್ರದೇಶದಲ್ಲಿ ಸೇವೆ ಲಭ್ಯ" ಅಂತ ಬರುತ್ತದೆ. ಅದನ್ನು ನಂಬಬೇಡಿ. ಒಂದು ಪಿನ್‌ಕೋಡಿನಲ್ಲಿ ಹತ್ತಾರು ಬೀದಿ ಇರುತ್ತದೆ, ನಿಮ್ಮ ಅಡ್ಡರಸ್ತೆಗೆ ಲೈನ್ ಬಂದಿರಬೇಕು ಅಂತೇನಿಲ್ಲ. ಹೊರಗೆ ಹೋಗಿ ತಲೆ ಎತ್ತಿ ನೋಡಿ. ಕಂಬಕ್ಕೆ ಕಟ್ಟಿದ ಕಪ್ಪು ಡಬ್ಬಿಗಳ ಮೇಲೆ ಅನೇಕ ಸಲ ಕಂಪನಿಯ ಸ್ಟಿಕ್ಕರ್ ಇರುತ್ತದೆ. ಆಮೇಲೆ ಅಕ್ಕಪಕ್ಕದ ಎರಡು ಮೂರು ಮನೆಯವರನ್ನು ಕೇಳಿ. "ಸ್ಪೀಡ್ ಹೇಗಿದೆ?" ಅಂತ ಕೇಳಬೇಡಿ, ಎಲ್ಲರೂ "ಪರವಾಗಿಲ್ಲ" ಅಂತಾರೆ. "ಹೋದ ಸಲ ಯಾವಾಗ ಹೋಗಿತ್ತು? ಸರಿ ಮಾಡೋಕೆ ಎಷ್ಟು ದಿನ ತಗೊಂಡ್ರು?" ಅಂತ ಕೇಳಿ. ಒಂದು ದಿನದಲ್ಲಿ ಬಂದು ಸರಿಮಾಡುವ 50 ಎಂಬಿಪಿಎಸ್ ಲೈನು, ವಾರಗಟ್ಟಲೆ ಬಾರದವರ 500ಕ್ಕಿಂತ ಎಷ್ಟೋ ವಾಸಿ.

ಅಪಾರ್ಟ್‌ಮೆಂಟ್ ಆದರೆ ಅಸೋಸಿಯೇಷನ್‌ನವರನ್ನು ಕೇಳಿ. ಎಷ್ಟೋ ಕಡೆ ಒಂದೋ ಎರಡೋ ಕಂಪನಿಗೆ ಮಾತ್ರ ಒಳಗೆ ಬಿಟ್ಟಿರುತ್ತಾರೆ, ಆಗ ನಿಮ್ಮ ಹೋಲಿಕೆ ಅಲ್ಲಿಗೇ ಮುಗಿಯಿತು.

3. ಒಳಗೆ ಬರುವ ತಂತಿ ಯಾವುದು ಅಂತ ಗುರುತಿಸಿ

ಈಗ ಎಲ್ಲರೂ ಮಾರುವುದು "ಫೈಬರ್" ಹೆಸರಿನಲ್ಲೇ. ಆದರೆ ನಿಮ್ಮ ಗೋಡೆಯ ತೂತಿನಿಂದ ಒಳಗೆ ಬರುವುದು ಏನು ಅನ್ನುವುದೇ ಮುಖ್ಯ. ಪಕ್ಕದ ಮನೆಯಲ್ಲಿ ಹೋಗಿ ನೋಡಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ.

ತೆಳ್ಳಗಿನ ಕೇಬಲ್ ಬಂದು, ತುದಿಯಲ್ಲಿ ಹಸಿರು ಅಥವಾ ನೀಲಿ ಬಣ್ಣದ ಚೌಕದ ಪ್ಲಗ್ ಇದ್ದರೆ ಅದು ನಿಜವಾದ ಫೈಬರ್. ಎಫ್‌ಟಿಟಿಎಚ್, ಅಂದರೆ ಮನೆಯವರೆಗೂ ಫೈಬರ್, ಅನ್ನುವುದು ಇದಕ್ಕೇ. ಗಾಜಿನ ಎಳೆಯೊಳಗೆ ಬೆಳಕು ಬರುತ್ತದೆ. ಕಂಬದ ಮೇಲೆ ಇರುವುದು ಬೆಳಕನ್ನು ಹಂಚುವ ಸ್ಪ್ಲಿಟರ್ ಮಾತ್ರ, ಅದಕ್ಕೆ ಕರೆಂಟ್ ಬೇಕಿಲ್ಲ. ಎಕ್ಸ್‌ಚೇಂಜಿನಲ್ಲಿ (ಲೈನ್ ಹೊರಡುವ ಕಂಪನಿಯ ಕೇಂದ್ರ) ಮತ್ತು ನಿಮ್ಮ ಮನೆಯಲ್ಲಿ ಕರೆಂಟ್ ಇದ್ದರೆ ಸಾಕು, ಇಡೀ ಬೀದಿ ಕತ್ತಲಾದರೂ ನೆಟ್ ಓಡುತ್ತದೆ. ಈ ವಿಷಯವನ್ನು ಸೇಲ್ಸ್‌ನವರು ಯಾಕೋ ಹೇಳುವುದೇ ಇಲ್ಲ, ನನ್ನ ಪ್ರಕಾರ ಸ್ಪೀಡಿಗಿಂತ ದೊಡ್ಡ ಲಾಭ ಇದೇ. ಅಪ್‌ಲೋಡ್ ಕೂಡ ಸಾಮಾನ್ಯವಾಗಿ ಡೌನ್‌ಲೋಡ್‌ನಷ್ಟೇ ಇರುತ್ತದೆ. ಇದರಲ್ಲೂ ಹಂಚಿಕೆ ಇದೆ. ಜಿಪಾನ್ ಅನ್ನುವ ತಂತ್ರದಲ್ಲಿ ಸುಮಾರು 2.5 ಜಿಬಿಪಿಎಸ್ ಅನ್ನು ಒಂದು ಗುಂಪಿನ 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕ್ ಇದ್ದ ಹಾಗೆ, ಎಲ್ಲರೂ ಒಟ್ಟಿಗೆ ನಲ್ಲಿ ತಿರುಗಿಸಿದರೆ ಮಾತ್ರ ತೊಂದರೆ. 64 ಮನೆಯವರೂ ಒಂದೇ ಕ್ಷಣಕ್ಕೆ ಪೂರ್ತಿ ಎಳೆದರೂ ತಲೆಗೆ 39 ಎಂಬಿಪಿಎಸ್ ಸಿಗುತ್ತದೆ, ಮತ್ತು ಹಾಗೆ ಎಲ್ಲರೂ ಎಳೆಯುವುದೂ ಇಲ್ಲ.

ಕಂಪ್ಯೂಟರಿಗೆ ಹಾಕುವಂಥ ಪಾರದರ್ಶಕ ಪ್ಲಗ್ಗಿನ ನೀಲಿಯೋ ಬೂದಿಯೋ ಬಣ್ಣದ ವಯರ್ ನೇರವಾಗಿ ಬಂದು ರೂಟರಿಗೆ ಸೇರಿದ್ದರೆ ಅದು ಲ್ಯಾನ್ ಕೇಬಲ್. ಫೈಬರ್ ಬೀದಿಯವರೆಗೆ ಅಥವಾ ಕಟ್ಟಡದ ಬೇಸ್‌ಮೆಂಟ್‌ವರೆಗೆ ಬಂದು, ಅಲ್ಲೊಂದು ಸ್ವಿಚ್ ಡಬ್ಬಿಯಿಂದ ತಾಮ್ರದ ವಯರಿನಲ್ಲಿ ಮನೆಮನೆಗೆ ಹೋಗುತ್ತದೆ. ಇದು ಕೆಟ್ಟದ್ದು ಅಂತಲ್ಲ. ಒಳ್ಳೆಯ ಕಟ್ಟಡದಲ್ಲಿ ಚೆನ್ನಾಗಿಯೇ ನಡೆಯುತ್ತದೆ, ರೇಟೂ ಕಮ್ಮಿ. ಆದರೆ ಆ ಡಬ್ಬಿಗೆ ಕರೆಂಟ್ ಬೇಕು. ಯಾರೋ ಒಬ್ಬರ ಮನೆಯಿಂದ ಅದಕ್ಕೆ ಲೈನ್ ಎಳೆದಿರುತ್ತಾರೆ, ಅವರ ಮನೆಯ ಮೇನ್ ಆಫ್ ಆದರೆ ಇಡೀ ಸಾಲಿಗೆ ನೆಟ್ ಇಲ್ಲ. ಈ ವಯರ್ ನೂರು ಮೀಟರ್ ದಾಟಿದರೆ ಸರಿಯಾಗಿ ಕೆಲಸ ಮಾಡುವುದೂ ಇಲ್ಲ. ಹಾಗಾಗಿ ಕೇಬಲ್‌ನವರನ್ನು ಕೇಳಬೇಕಾದ ಒಂದೇ ಪ್ರಶ್ನೆ: "ನಿಮ್ಮ ಡಬ್ಬಿಗೆ ಬ್ಯಾಟರಿ ಇದೆಯಾ?"

ಹಳೆಯ ಟಿವಿ ಕೇಬಲಿನಂಥ ದಪ್ಪ ವಯರು, ತಿರುಪಿನ ಪ್ಲಗ್ ಇದ್ದರೆ ಅದು ಕೇಬಲ್ ಮೋಡೆಮ್. ಡೌನ್‌ಲೋಡ್ ಚೆನ್ನಾಗಿ ಬರುತ್ತದೆ, ಅಪ್‌ಲೋಡ್ ಕಡಿಮೆ. ಈಗ ಹೊಸದಾಗಿ ಹಾಕಿಸುವವರು ಕಮ್ಮಿ.

ಹಳೇ ಫೋನ್ ಲೈನಿನ ನೆಟ್, ಅಂದರೆ ಡಿಎಸ್‌ಎಲ್, ಮಲೆನಾಡಿನ ಕೆಲವು ಹಳ್ಳಿಗಳಲ್ಲಿ ಇನ್ನೂ ನೆನಪಿನಲ್ಲಿದೆ. ಎಕ್ಸ್‌ಚೇಂಜ್ ಪಕ್ಕದಲ್ಲೇ ಇದ್ದರೆ 24 ಎಂಬಿಪಿಎಸ್‌ವರೆಗೆ ಹೋಗಬಹುದು, ಮೂರ್ನಾಲ್ಕು ಕಿಲೋಮೀಟರ್ ದೂರ ಆದರೆ ಕೆಲವೇ ಎಂಬಿಪಿಎಸ್‌ಗೆ ಇಳಿಯುತ್ತದೆ. ಗುಡುಗು ಶುರುವಾದ ಕೂಡಲೇ ಓಡಿಹೋಗಿ ಮೋಡೆಮ್ಮಿನ ವಯರ್ ಕಿತ್ತಿಡುವ ಅಭ್ಯಾಸ ಇದರಿಂದಲೇ ಬಂದದ್ದು, ತಾಮ್ರದಲ್ಲಿ ಸಿಡಿಲು ಒಳಗೆ ಬರುತ್ತದೆ. ಗಾಜಿನ ಫೈಬರಿನಲ್ಲಿ ಆ ಭಯ ಇಲ್ಲ, ಆದರೆ ಅಡಾಪ್ಟರ್ ಕರೆಂಟಿನಲ್ಲೇ ಇರುತ್ತದಲ್ವಾ, ಅದನ್ನು ಮಾತ್ರ ಕಿತ್ತಿಡಿ. ಹೊಸದಾಗಿ ಯಾರೂ ಡಿಎಸ್‌ಎಲ್ ಹಾಕಿಸಬೇಡಿ. ಬಿಎಸ್‌ಎನ್‌ಎಲ್ ಫೈಬರ್ ನಿಮ್ಮ ಊರಿಗೆ ಬಂದಿದ್ದರೆ ಅದನ್ನೇ ಕೇಳಿ. ಹಳ್ಳಿಗಳಲ್ಲಿ ಅದರ ಕೊನೆಯ ಲೈನ್ ಎಳೆಯುವುದು, ರಿಪೇರಿ ಮಾಡುವುದು ಹೆಚ್ಚಾಗಿ ಸ್ಥಳೀಯ ಕೇಬಲ್‌ನವರೇ. ಅವರ ನಂಬರ್ ನಿಮ್ಮ ಹತ್ತಿರ ಇದ್ದರೆ ಕಸ್ಟಮರ್ ಕೇರಿಗಿಂತ ಬೇಗ ಕೆಲಸ ಆಗುತ್ತದೆ. ರಸ್ತೆಯಿಂದ ದೂರ ಇರುವ ತೋಟದ ಮನೆಗಾದರೆ ಕೇಬಲ್ಲಿಗೆ ಮೀಟರ್ ಲೆಕ್ಕದಲ್ಲಿ ದುಡ್ಡು ಕೇಳುವುದು ಸಾಮಾನ್ಯ, ಮೊದಲೇ ಮಾತಾಡಿಕೊಳ್ಳಿ. ಅಡಿಕೆ ಮರದಿಂದ ಮರಕ್ಕೆ ಕಟ್ಟಿದ ಕೇಬಲ್ ಗಾಳಿಮಳೆಗೆ ಸೋಗೆ ಬಿದ್ದು ತುಂಡಾಗುತ್ತದೆ, ಸಾಧ್ಯ ಆದರೆ ಬೇಲಿ ಬದಿಯಲ್ಲಿ ತರಿಸಿ.

ತಂತಿಯೇ ಇಲ್ಲದೆ ಬರುವುದು ಏರ್‌ಫೈಬರ್. ಹೆಸರಿನಲ್ಲಿ ಫೈಬರ್ ಇದೆ, ಮನೆಗೆ ಬರುವುದು ಗಾಳಿಯಲ್ಲೇ. ತಾರಸಿಯ ಮೇಲೊಂದು ರಿಸೀವರ್ ಕೂರಿಸಿ, ಟವರಿನ 5ಜಿ ಸಿಗ್ನಲ್ ಹಿಡಿದು, ಒಳಗೆ ವೈಫೈ ಕೊಡುತ್ತಾರೆ. ಏರ್‌ಟೆಲ್ 2023ರ ಆಗಸ್ಟ್‌ನಲ್ಲಿ ದೆಹಲಿ, ಮುಂಬೈಗಳಲ್ಲಿ ಇದನ್ನು ಶುರು ಮಾಡಿತು, ಜಿಯೊ ಅದೇ ಸೆಪ್ಟೆಂಬರಿನಲ್ಲಿ ಬೆಂಗಳೂರೂ ಸೇರಿ 8 ನಗರಗಳಲ್ಲಿ. ಫೈಬರ್ ಬಾರದ ಕಡೆ ಇದು ವರದಾನ. ಬಾಡಿಗೆ ಮನೆಯವರಿಗೂ ಅನುಕೂಲ. ಆದರೆ ಅಪ್‌ಲೋಡ್ ಕಮ್ಮಿ, ರಾತ್ರಿ ಟವರ್ ತುಂಬಿದಾಗ ಸ್ಪೀಡ್ ಇಳಿಯುತ್ತದೆ, ನಿಮ್ಮ ಮತ್ತು ಟವರಿನ ನಡುವೆ ಹೊಸ ಕಟ್ಟಡ ಎದ್ದರೆ ಕಥೆ ಮುಗಿಯಿತು. ಫೈಬರ್ ಸಿಗುವ ಬೀದಿಯಲ್ಲಿ ಏರ್‌ಫೈಬರ್ ತಗೊಳ್ಳಬೇಡಿ. ಎರಡೂ ಒಂದೇ ಅಂತ ಹೇಳಿ ಮಾರುತ್ತಾರೆ, ಒಂದೇ ಅಲ್ಲ.

ಉಪಗ್ರಹದ ನೆಟ್ ತೀರಾ ಒಳಗಿನ ಎಸ್ಟೇಟು, ಹೋಂಸ್ಟೇಗಳಿಗೆ ಮಾತ್ರ ಯೋಚಿಸುವಂಥದ್ದು. ಹಳೆಯ ಬಗೆಯ ಉಪಗ್ರಹ ಸುಮಾರು 36,000 ಕಿಲೋಮೀಟರ್ ಮೇಲಿರುತ್ತದೆ, ಹೋಗಿಬರುವುದಕ್ಕೇ ಅರ್ಧ ಸೆಕೆಂಡಿಗೂ ಜಾಸ್ತಿ ಬೇಕು, ವಿಡಿಯೊ ಕಾಲ್‌ನಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಿ ಒಟ್ಟಿಗೆ ಸುಮ್ಮನಾಗುತ್ತೀರಿ. ಸ್ಟಾರ್‌ಲಿಂಕ್‌ನಂಥವು ಸುಮಾರು 550 ಕಿಲೋಮೀಟರ್ ಎತ್ತರದಲ್ಲೇ ಓಡುವುದರಿಂದ ಈ ತೊಂದರೆ ಇಲ್ಲ. ಅದಕ್ಕೆ 2025ರಲ್ಲಿ ಭಾರತದ ಪರವಾನಗಿ ಸಿಕ್ಕಿತು. ಆಕಾಶ ಪೂರ್ತಿ ತೆರೆದಿರಬೇಕು, ಕಾಫಿ ತೋಟದ ನೆರಳಿನ ಮರದ ಕೆಳಗೆ ಡಿಶ್ ಇಟ್ಟರೆ ಆಗುವುದಿಲ್ಲ.

4. ದುಡ್ಡು ಕೊಡುವ ಮುಂಚೆ ಪರೀಕ್ಷೆ ಮಾಡಿ

ತಂತಿಯ ಕನೆಕ್ಷನ್ ಆದರೆ, ಅದೇ ಕಂಪನಿ ಇರುವ ಪಕ್ಕದ ಮನೆಯಲ್ಲಿ ರಾತ್ರಿ ಒಂಬತ್ತಕ್ಕೆ ಒಂದು ಸ್ಪೀಡ್ ಟೆಸ್ಟ್ ಮಾಡಿ. ಮಧ್ಯಾಹ್ನ ಮೂರಕ್ಕೆ ಮಾಡಿದರೆ ಎಲ್ಲವೂ ಚಂದವೇ. ಡೌನ್‌ಲೋಡ್ ಜೊತೆಗೆ ಪಿಂಗ್ ನೋಡಿ, ಅಂದರೆ ಸರ್ವರಿಗೆ ಹೋಗಿ ಉತ್ತರ ಬರಲು ಹಿಡಿಯುವ ಸಮಯ. ಬೆಂಗಳೂರಿನ ಒಳ್ಳೆಯ ಫೈಬರಿನಲ್ಲಿ ಹತ್ತಿರದ ಸರ್ವರಿಗೆ 10 ಮಿಲಿಸೆಕೆಂಡಿನ ಒಳಗೇ ಇರುತ್ತದೆ, ಏರ್‌ಫೈಬರಿನಲ್ಲಿ 20ರಿಂದ 40 ಇದ್ದರೂ ತಪ್ಪಿಲ್ಲ. ಒಂದು ಸಲ 15, ಮತ್ತೊಂದು ಸಲ 180 ಅಂತ ಕುಣಿಯುತ್ತಿದ್ದರೆ ಮೀಟಿಂಗ್ ಮಾಡುವವರಿಗೆ ಆ ಲೈನ್ ಬೇಡ.

ಏರ್‌ಫೈಬರ್ ಆದರೆ ಅದೇ ಕಂಪನಿಯ 5ಜಿ ಸಿಮ್ ಇರುವ ಫೋನ್ ಹಿಡಿದು ತಾರಸಿಗೆ ಹೋಗಿ. ಕಡ್ಡಿ ಎಣಿಸಬೇಡಿ, ಅದರಿಂದ ಏನೂ ಗೊತ್ತಾಗುವುದಿಲ್ಲ. ಬಹಳಷ್ಟು ಆಂಡ್ರಾಯ್ಡ್ ಫೋನ್‌ಗಳಲ್ಲಿ *#*#4636#*#* ಒತ್ತಿದರೆ ಒಂದು ಪಟ್ಟಿ ತೆರೆಯುತ್ತದೆ, ಅದರಲ್ಲಿ ಆರ್‌ಎಸ್‌ಆರ್‌ಪಿ ಅನ್ನುವ ಮೈನಸ್ ಸಂಖ್ಯೆ ಇರುತ್ತದೆ. ಅದೇ ಸಿಗ್ನಲ್‌ನ ಬಲ, ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೇದು. -80 ಆಸುಪಾಸು ಇದ್ದರೆ ಬಹಳ ಚೆನ್ನ. -100 ಇದ್ದರೆ ನಡೆಯಬಹುದು. -110 ದಾಟಿದರೆ ಬೇಡ ಅನ್ನಿ. ತಾರಸಿಯ ನಾಲ್ಕೂ ಮೂಲೆಯಲ್ಲಿ ನೋಡಿ, ಒಂದು ಮೂಲೆಯಿಂದ ಇನ್ನೊಂದಕ್ಕೆ 15 ಅಂಕ ವ್ಯತ್ಯಾಸ ಬರುವುದು ಅಪರೂಪವಲ್ಲ. ಕೂರಿಸಲು ಬಂದವರಿಗೆ ಆ ಮೂಲೆ ತೋರಿಸಿ.

5. ನಿಜವಾದ ಬೆಲೆ ಲೆಕ್ಕ ಹಾಕಿ

ಜಾಹೀರಾತಿನ ದರಕ್ಕೆ 18% ಜಿಎಸ್‌ಟಿ ಸೇರಿಸಿ. 499 ಅಂದರೆ ಕೈಯಿಂದ ಹೋಗುವುದು ಸುಮಾರು 589. ಆಮೇಲೆ ಇನ್‌ಸ್ಟಲೇಷನ್ ಎಷ್ಟು, ರೂಟರ್ ನಿಮ್ಮದೋ ಅವರದ್ದೋ, ಆರು ತಿಂಗಳದ್ದು ಒಟ್ಟಿಗೆ ಕಟ್ಟಬೇಕಾ, ಮಧ್ಯ ಬಿಟ್ಟರೆ ದುಡ್ಡು ವಾಪಸ್ ಬರುತ್ತಾ ಕೇಳಿ. ವರ್ಷದ ಒಟ್ಟು ಖರ್ಚನ್ನು 12ರಿಂದ ಭಾಗಿಸಿ ತಿಂಗಳಿಗೆ ಎಷ್ಟು ಅಂತ ನೋಡಿ, ಆಗ ಮಾತ್ರ ಎರಡು ಪ್ಲ್ಯಾನ್ ಹೋಲಿಸಲು ಆಗುತ್ತದೆ. ಓಟಿಟಿ ಉಚಿತ ಅನ್ನುವ ಪ್ಲ್ಯಾನಿನಲ್ಲಿ ನೀವು ನೋಡುವ ಆ್ಯಪ್ ಎಷ್ಟಿದೆ ಎಣಿಸಿ. ಹೊಸ ಬಡಾವಣೆಯಲ್ಲಿ ವರ್ಷದ ಪ್ಲ್ಯಾನ್ ಒಮ್ಮೆಲೇ ಕಟ್ಟಬೇಡಿ. ಮೊದಲು ಒಂದು ತಿಂಗಳು, ಆಮೇಲೆ ಮೂರು.

"ಅನ್‌ಲಿಮಿಟೆಡ್" ಅನ್ನುವುದಕ್ಕೂ ಮಿತಿ ಇದೆ. ದೊಡ್ಡ ಕಂಪನಿಗಳ ಫೈಬರ್ ಪ್ಲ್ಯಾನ್‌ಗಳಲ್ಲಿ ಸಾಮಾನ್ಯವಾಗಿ ತಿಂಗಳಿಗೆ 3,300 ಜಿಬಿ. ಎಚ್‌ಡಿ ಸಿನಿಮಾ ಗಂಟೆಗೆ 3 ಜಿಬಿ ಅಂದುಕೊಂಡರೂ ಟಿವಿ ಹಗಲೂರಾತ್ರಿ ಓಡಿದರೂ ಇದು ಮುಗಿಯುವುದಿಲ್ಲ. ಏರ್‌ಫೈಬರಿನಲ್ಲಿ ಮಾತ್ರ ಹುಷಾರು, ಅಲ್ಲಿ ಹೆಚ್ಚಾಗಿ 1,000 ಜಿಬಿ. 4ಕೆ ಗಂಟೆಗೆ 7 ಜಿಬಿ ತಿನ್ನುತ್ತದೆ, ಅಂದರೆ ದಿನಕ್ಕೆ ನಾಲ್ಕೂಮುಕ್ಕಾಲು ಗಂಟೆ ನೋಡಿದರೆ ಖಾಲಿ. ಕ್ಯಾಮೆರಾ ರೆಕಾರ್ಡಿಂಗನ್ನು ಕ್ಲೌಡಿಗೆ ಕಳಿಸುತ್ತಿದ್ದರೆ ಇನ್ನೂ ಬೇಗ. 2 ಎಂಬಿಪಿಎಸ್‌ನಲ್ಲಿ ಸತತ ಕಳಿಸುವ ಒಂದೇ ಒಂದು ಕ್ಯಾಮೆರಾ ದಿನಕ್ಕೆ 21.6 ಜಿಬಿ, ತಿಂಗಳಿಗೆ 648 ಜಿಬಿ ನುಂಗುತ್ತದೆ. ಮಿತಿ ಮುಗಿದ ಮೇಲೆ ಸ್ಪೀಡ್ ಕೆಲವು ಕಡೆ 2 ಎಂಬಿಪಿಎಸ್, ಕೆಲವು ಕಡೆ 64 ಕೆಬಿಪಿಎಸ್. ಎರಡನೆಯದ್ದರಲ್ಲಿ ವಾಟ್ಸ್ಆ್ಯಪ್ ಫೋಟೊ ಕೂಡ ಸರಿಯಾಗಿ ತೆರೆಯುವುದಿಲ್ಲ.

6. ಹಾಕಲು ಬಂದ ದಿನ ಪಕ್ಕದಲ್ಲೇ ನಿಲ್ಲಿ

ಲೈನ್‌ಮನ್ ಬಂದಾಗ ಟೀ ಕೊಟ್ಟು ಒಳಗೆ ಹೋಗಿಬಿಡಬೇಡಿ. ಮನೆಯೊಳಗಿನ ಡಬ್ಬಿ, ಅಂದರೆ ಲೈನ್ ಬಂದು ಸೇರುವ ಮೋಡೆಮ್-ರೂಟರ್, ಎಲ್ಲಿ ಕೂರಬೇಕು ಅಂತ ಮೊದಲೇ ಹೇಳಿ. ಅವರಿಗೆ ಸುಲಭ ಬಾಗಿಲ ಪಕ್ಕದ ಮೂಲೆ, ನಿಮಗೆ ಬೇಕಾದ್ದು ಮನೆಯ ನಡುಮಧ್ಯ. ಮಣ್ಣಿನ ದಪ್ಪ ಗೋಡೆಯ ಹಳೇ ಮನೆ, ಕರಾವಳಿಯ ಮುರಕಲ್ಲಿನ ಮನೆಗಳಲ್ಲಿ ವೈಫೈ ಎರಡು ಗೋಡೆ ದಾಟುವಷ್ಟರಲ್ಲಿ ಸೋತುಹೋಗುತ್ತದೆ. ಅಂಥ ಕಡೆ ಮಹಡಿಗೊಂದು ಲ್ಯಾನ್ ವಯರ್ ಎಳೆದು ಇನ್ನೊಂದು ರೂಟರ್ ಇಡುವುದೇ ಸರಿ, ಪ್ಲ್ಯಾನ್ ದೊಡ್ಡದು ಮಾಡಿದರೆ ಉಪಯೋಗ ಇಲ್ಲ. ವೈಫೈನಲ್ಲೂ ಎರಡು ಬಗೆ: 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ನಿಧಾನ. 5 ಗಿಗಾಹರ್ಟ್ಸ್ ಜೋರು, ಗೋಡೆ ದಾಟುವುದು ಕಷ್ಟ. ಟಿವಿ, ಲ್ಯಾಪ್‌ಟಾಪಿಗೆ ಎರಡನೆಯದ್ದು ಕೊಡಿ.

ಫೈಬರ್ ಆದರೆ, ಕೇಬಲ್ ಬೆಸೆದು ಆದಮೇಲೆ ಅವರ ಕೈಯಲ್ಲಿ ಬೆಳಕಿನ ಬಲ ಅಳೆಯುವ ಒಂದು ಪುಟ್ಟ ಪವರ್ ಮೀಟರ್ ಇರುತ್ತದೆ. ಅದರಲ್ಲಿ ಎಷ್ಟು ಬಂತು ಅಂತ ಕೇಳಿ, ಫೋಟೊ ತೆಗೆದಿಟ್ಟುಕೊಳ್ಳಿ. -15ರಿಂದ -24 ಡಿಬಿಎಂ ನಡುವೆ ಇದ್ದರೆ ನೆಮ್ಮದಿ. -26, -27 ಅಂದರೆ ಇವತ್ತು ಓಡುತ್ತದೆ, ಇನ್ನೊಂದು ಮಳೆ ಬಿದ್ದು ಜಾಯಿಂಟಿಗೆ ನೀರು ಹೋದರೆ ನಿಲ್ಲುತ್ತದೆ. "ಅಣ್ಣಾ, ಜಾಯಿಂಟ್ ಇನ್ನೊಂದು ಸಲ ಮಾಡಿ" ಅಂತ ಅಲ್ಲೇ ಹೇಳಿ, ಅವರು ಹೋದಮೇಲೆ ಹೇಳಿ ಪ್ರಯೋಜನ ಇಲ್ಲ. ಉಳಿದ ಕೇಬಲ್ ಸುತ್ತಿಡುವಾಗ ಬಳೆಗಿಂತ ಸಣ್ಣ ಸುತ್ತು ಬೇಡ, ಬಾಗಿಲ ಸಂದಿಯಲ್ಲಿ ಸಿಕ್ಕಿಸುವುದೂ ಬೇಡ. ಗಾಜು ಜಾಸ್ತಿ ಬಾಗಿದರೆ ಬೆಳಕು ಸೋರುತ್ತದೆ.

ಆಮೇಲೆ ಲ್ಯಾಪ್‌ಟಾಪನ್ನು ಲ್ಯಾನ್ ವಯರಿನಲ್ಲಿ ಜೋಡಿಸಿ ಸ್ಪೀಡ್ ನೋಡಿ. 200ರ ಪ್ಲ್ಯಾನಿನಲ್ಲಿ ಪ್ರತಿ ಸಲ 94ಕ್ಕೇ ಬಂದು ನಿಲ್ಲುತ್ತಿದ್ದರೆ ಲೈನ್ ತಪ್ಪಲ್ಲ. ಡಬ್ಬಿಯ ಪೋರ್ಟೋ ವಯರೋ ಲ್ಯಾಪ್‌ಟಾಪಿನ ಪೋರ್ಟೋ 100ರದ್ದು ಅಂತ ಅರ್ಥ. ವಯರ್ ಬದಲಿಸಿ ನೋಡಿ, ಆಗಲೂ ಹಾಗೇ ಇದ್ದರೆ ಗಿಗಾಬಿಟ್ ಡಬ್ಬಿ ಕೇಳಿ.

ಹೊರಗಿನಿಂದ ಮನೆಯ ಡಿವಿಆರ್‌ಗೆ (ಕ್ಯಾಮೆರಾ ರೆಕಾರ್ಡರ್) ನೇರವಾಗಿ ಸಂಪರ್ಕ ಬೇಕು ಅನ್ನುವವರು ಸ್ಟ್ಯಾಟಿಕ್ ಐಪಿ, ಅಂದರೆ ನಿಮ್ಮ ಲೈನಿಗೇ ಮೀಸಲಾದ ಬದಲಾಗದ ನೆಟ್ ವಿಳಾಸ, ಸಿಗುತ್ತಾ, ತಿಂಗಳಿಗೆ ಎಷ್ಟು ಅಂತ ಮೊದಲೇ ಕೇಳಿ. ಅನೇಕ ಕಂಪನಿಗಳು ಒಂದೇ ಐಪಿಯನ್ನು ಬಹಳ ಮನೆಗಳಿಗೆ ಹಂಚುತ್ತವೆ.

7. ಕರೆಂಟ್ ಹೋದಾಗ ಏನು?

ಮನೆಗೆ ಯುಪಿಎಸ್ ಇದ್ದರೆ ಡಬ್ಬಿಯ ಪ್ಲಗ್ ಅದರ ಲೈನಿನಲ್ಲಿದೆಯಾ ನೋಡಿ. ಇಲ್ಲದಿದ್ದರೆ 12 ವೋಲ್ಟಿನ ಮಿನಿ ಯುಪಿಎಸ್ ತಗೊಳ್ಳಿ. ಅಡಾಪ್ಟರಿನ ಮೇಲೆ ಬರೆದ ವೋಲ್ಟ್, ಆ್ಯಂಪಿಯರ್ ಓದಿಕೊಂಡು ಹೋಗಿ, ಕೆಲವು ಡಬ್ಬಿಗೆ 1 ಆ್ಯಂಪ್ ಸಾಕು, ಕೆಲವಕ್ಕೆ 2 ಬೇಕು. 8,800 ಎಂಎಎಚ್ ಅಂತ ಬರೆದದ್ದು ಒಳಗಿನ 3.7 ವೋಲ್ಟ್ ಸೆಲ್ಲಿನ ಲೆಕ್ಕ, ಅಂದರೆ ಸುಮಾರು 32 ವ್ಯಾಟ್-ಅವರ್. 8 ವ್ಯಾಟ್ ಎಳೆಯುವ ಡಬ್ಬಿಗೆ ಲೆಕ್ಕಕ್ಕೆ ನಾಲ್ಕು ಗಂಟೆ, ನಷ್ಟ ಕಳೆದರೆ ಮೂರು ಗಂಟೆ ಬರುತ್ತದೆ. ಪೆಟ್ಟಿಗೆ ಮೇಲೆ ಎಂಟು ಗಂಟೆ ಅಂತ ಬರೆದಿರುತ್ತಾರೆ, ಬರೆಯಲಿ ಬಿಡಿ.

8. ಕೆಟ್ಟಾಗ, ಬಿಡುವಾಗ

ಡಬ್ಬಿಯ ಮೇಲೆ ಎಲ್‌ಓಎಸ್ ಅನ್ನುವ ಕೆಂಪು ದೀಪ ಹತ್ತಿದರೆ ಬೆಳಕು ನಿಮ್ಮ ಮನೆಗೆ ಬರುತ್ತಿಲ್ಲ, ತಂತಿ ಎಲ್ಲೋ ತುಂಡಾಗಿದೆ. ಹತ್ತು ಸಲ ಆಫ್ ಆನ್ ಮಾಡಿದರೂ ಅಷ್ಟೇ. ಬೆಂಗಳೂರಿನಲ್ಲಾದರೆ ಬೆಸ್ಕಾಂನವರೋ ಪಾಲಿಕೆಯವರೋ ಕಂಬಕ್ಕೆ, ಮರಕ್ಕೆ ನೇತುಹಾಕಿದ ಕೇಬಲ್ ಕತ್ತರಿಸಿರಬಹುದು, ಊರಲ್ಲಾದರೆ ಜೆಸಿಬಿ ಅಥವಾ ಮಂಗ. ಕೆಂಪು ದೀಪ ಇಲ್ಲ, ಆದರೂ ನೆಟ್ ಇಲ್ಲ ಅಂದರೆ ಆಗ ಒಮ್ಮೆ ರೀಸ್ಟಾರ್ಟ್ ಮಾಡಿ, ರೀಚಾರ್ಜ್ ಮುಗಿದಿದೆಯಾ ನೋಡಿ. ದೂರು ಕೊಡುವಾಗ "ನೆಟ್ ಬರ್ತಿಲ್ಲ" ಅನ್ನುವ ಬದಲು "ಎಲ್‌ಓಎಸ್ ಕೆಂಪು ಇದೆ" ಅನ್ನಿ, ಅರ್ಧ ಪ್ರಶ್ನೋತ್ತರ ಉಳಿಯುತ್ತದೆ.

ದೂರಿಗೆ ಡಾಕೆಟ್ ನಂಬರ್ (ದೂರು ದಾಖಲಾದ ಸಂಖ್ಯೆ) ತಗೊಳ್ಳದೆ ಫೋನ್ ಇಡಬೇಡಿ. ಸರಿಯಾಗದಿದ್ದರೆ ಅದೇ ಕಂಪನಿಯ ಅಪೀಲು ಪ್ರಾಧಿಕಾರಕ್ಕೆ 30 ದಿನದೊಳಗೆ ಬರೆಯಬಹುದು, ಡಾಕೆಟ್ ನಂಬರ್ ಇಲ್ಲದೆ ಅದು ಮುಂದೆ ಹೋಗುವುದಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ಗೆ ಬರೆದರೆ ಅವರು ಒಬ್ಬೊಬ್ಬರ ದೂರು ವಿಚಾರಿಸುವುದಿಲ್ಲ. ಅಪೀಲಿನಲ್ಲೂ ಆಗದಿದ್ದರೆ ದೂರಸಂಪರ್ಕ ಇಲಾಖೆಗೆ ಕೇಂದ್ರ ಸರ್ಕಾರದ ದೂರು ತಾಣವಾದ ಸಿಪಿಗ್ರಾಮ್ಸ್ ಪೋರ್ಟಲ್‌ನಲ್ಲಿ ಹಾಕಿ.

ಮನೆಯಿಂದಲೇ ಕೆಲಸ ಮಾಡುವವರು ಎರಡನೇ ಲೈನ್ ಇಟ್ಟುಕೊಳ್ಳಿ, ಆದರೆ ಬೇರೆ ಬಗೆಯದ್ದು. ಒಂದೇ ಕಂಬದ ಮೇಲೆ ಬರುವ ಎರಡು ಕಂಪನಿಯ ಫೈಬರ್ ಒಂದೇ ಕತ್ತರಿಗೆ ತುಂಡಾಗುತ್ತವೆ. ಫೈಬರ್ ಜೊತೆಗೆ ಬೇರೆ ಕಂಪನಿಯ ಸಿಮ್ಮಿನ ಹಾಟ್‌ಸ್ಪಾಟ್ ಸಾಕು.

ಕನೆಕ್ಷನ್ ಬಿಡುವಾಗ ಸುಮ್ನೆ ರೀಚಾರ್ಜ್ ನಿಲ್ಲಿಸಿದರೆ ಆಗುವುದಿಲ್ಲ. ಡಬ್ಬಿ ಅವರದ್ದಾದರೆ ಅದರ ಹಿಂದಿನ ಸೀರಿಯಲ್ ನಂಬರಿನ ಫೋಟೊ ತೆಗೆದು, ಅಡಾಪ್ಟರ್ ಸಮೇತ ವಾಪಸ್ ಕೊಟ್ಟು, ರಸೀದಿ ಇಲ್ಲವೇ ಒಂದು ಮೆಸೇಜ್ ತಗೊಳ್ಳಿ. ತಗೊಂಡು ಹೋದ ಹುಡುಗ ಆಫೀಸಿಗೆ ಕೊಡಲು ಮರೆತರೆ ಡೆಪಾಸಿಟ್ ಕೇಳಲು ನಿಮ್ಮ ಹತ್ತಿರ ಉಳಿಯುವುದು ಆ ರಸೀದಿ ಮಾತ್ರ.